ಅಡಿಕೆತೋಟದ ನಡುವಣ ರಂಗಭೂಮಿ

ಮೇಗುಂದ, ಕೊಪ್ಪ, ಶೃಂಗೇರಿಗಳಿಂದ ತೀರ್ಥಹಳ್ಳಿಯನ್ನು ದಾಟಿ ಸಾಗರದವರೆಗೂ ಮಲೆನಾಡಿನ ಮುಖ ಒಂದೇ. ಗುಡ್ಡದ ಮೇಲೆ ಕಾಡು, ಕಣಿವೆಯಲ್ಲಿ ಅಡಿಕೆಯ ತೋಟ, ನಡುವೆ ದೂರ ದೂರ ಚದುರಿದ ಒಂಟಿ ಮನೆಗಳು. ಇಲ್ಲಿಯ ಜನರು ರಾತ್ರಿಯೆಲ್ಲ ನಿದ್ದೆಗೆಟ್ಟು ಯಕ್ಷಗಾನ ನೋಡಬಲ್ಲರು. ಆದರೆ ಷೇಕ್ಸ್‌ಪಿಯರನನ್ನೂ ಬ್ರೆಕ್ಟನನ್ನೂ ನೋಡಿಯಾರೇ? ನೋಡಿಯೇ ನೋಡುತ್ತಾರೆಂದು ನಂಬಿ, ಆ ನಂಬಿಕೆಗೆ ಬಾಳನ್ನೇ ಮುಡಿಪಿಟ್ಟವರು ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರು.

1932ರಲ್ಲಿ ಅಡಿಕೆ ಬೆಳೆಗಾರರ ಮನೆತನದಲ್ಲಿ ಜನಿಸಿದ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಪದವಿ ಪಡೆದ ತರುಣರು ಪಟ್ಟಣದ ಉದ್ಯೋಗವನ್ನರಸುತ್ತಿದ್ದ ಕಾಲವದು. ಸುಬ್ಬಣ್ಣನವರಾದರೋ ತೋಟಕ್ಕೇ ಮರಳಿದರು. ಊರಿನಲ್ಲಿ 1949ರಲ್ಲಿಯೇ ನೀಲಕಂಠೇಶ್ವರ ನಾಟ್ಯಸೇವಾ ಸಂಘವು ಹುಟ್ಟಿತ್ತು. ಊರವರೇ ನಟರು, ಊರವರೇ ಪ್ರೇಕ್ಷಕರು. ಈ ಪುಟ್ಟ ಸಂಘವೇ ಮುಂದೆ 'ನೀನಾಸಂ' ಎಂದು ನಾಡಿನಾಚೆಗೂ ಹೆಸರಾಯಿತು.

ಸುಬ್ಬಣ್ಣನವರು ನಾಟಕಗಳನ್ನು ಆಡಿಸಿದರು. ಸಂಸ್ಕೃತದಿಂದಲೂ ಪಾಶ್ಚಾತ್ಯ ಭಾಷೆಗಳಿಂದಲೂ ಕೃತಿಗಳನ್ನು ಕನ್ನಡಕ್ಕೆ ತಂದರು. 'ಅಕ್ಷರ ಪ್ರಕಾಶನ'ವನ್ನು ಸ್ಥಾಪಿಸಿ ಪುಸ್ತಕಗಳನ್ನು ಅಚ್ಚು ಹಾಕಿಸಿದರು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರವೆದ್ದಿತು. ಚಿತ್ರಸಮಾಜವೂ ಆರಂಭವಾಗಿ, ಜಗತ್ತಿನ ಶ್ರೇಷ್ಠ ಚಲನಚಿತ್ರಗಳು ಹಳ್ಳಿಗರ ಕಣ್ಣೆದುರಿಗೆ ಬಂದವು. 1980ರಲ್ಲಿ ರಂಗಶಿಕ್ಷಣ ಕೇಂದ್ರವು ತೆರೆಯಿತು.

ಆಗ ಹೊಸದೊಂದು ಚಿಂತೆ ತಲೆದೋರಿತು. ಕಲಿತ ತರುಣ ತರುಣಿಯರು ಮುಂದೇನು ಮಾಡಬೇಕು? ಹಳೆಯ ವೃತ್ತಿ ನಾಟಕ ಮಂಡಳಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಹವ್ಯಾಸಿ ತಂಡಗಳಲ್ಲಿ ಹೊಟ್ಟೆ ತುಂಬುವಂತಿರಲಿಲ್ಲ. ಕಲಿತ ವಿದ್ಯೆ ವ್ಯರ್ಥವಾದರೆ ಶಾಲೆಯಿದ್ದೂ ಫಲವೇನು? ಈ ಪ್ರಶ್ನೆಗೆ 1985ರಲ್ಲಿ ದೊರೆತ ಉತ್ತರವೇ 'ತಿರುಗಾಟ'. ಮಳೆಗಾಲದಲ್ಲಿ ತಾಲೀಮು, ಮಳೆ ನಿಂತೊಡನೆ ರಂಗಸಜ್ಜಿಕೆ, ದೀಪ, ಉಡುಗೆಗಳೊಡನೆ ತಂಡದ ಪ್ರಯಾಣ. ಊರೂರಿನ ಸಂಘಗಳೇ ಆಟ ಏರ್ಪಡಿಸುವ ಆತಿಥೇಯರು. ಯಕ್ಷಗಾನ ಮೇಳಗಳ ಸಂಚಾರದ ಹಳೆಯ ದಾರಿಯಲ್ಲಿಯೇ ಹೊಸ ನಾಟಕವು ಹೆಜ್ಜೆಯಿಟ್ಟಿತು. ನಟನಿಗೆ ಸಂಬಳ ದೊರೆಯಿತು. ರಂಗಮಂದಿರವನ್ನೇ ಕಾಣದ ಊರುಗಳಿಗೆ ನಾಟಕ ದೊರೆಯಿತು.

1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯು ಸಂದಿತು. ಪ್ರಶಸ್ತಿ ಬಂದ ಮೇಲೂ ಅವರ ವಿಳಾಸ ಬದಲಾಗಲಿಲ್ಲ. 2005ರ ಜುಲೈ 16ರಂದು ಅವರು ಕಣ್ಮುಚ್ಚಿದರು. ಅವರು ಕಟ್ಟಿದ ಸಂಸ್ಥೆ ಉಳಿಯಿತು.

ಕಲೆಯನ್ನರಸಿ ಹಳ್ಳಿಗನು ಪಟ್ಟಣಕ್ಕೆ ಹೋಗುವುದು ಲೋಕರೂಢಿ. ಪಟ್ಟಣಿಗರೇ ಬಸ್ಸು ಹತ್ತಿ ಹೆಗ್ಗೋಡಿನ ದಾರಿ ಹಿಡಿಯುವಂತೆ ಮಾಡಿದ್ದು ಈ ತೋಟಿಗರ ಸಾಧನೆ.