ಬಫೆ ಪಾತ್ರೆಯ ತಳದ ನೀರು

ಬೆಂಗಳೂರಿನ ದೊಡ್ಡ ಭೋಜನಾಲಯಗಳಲ್ಲಿ ಬಫೆ ಊಟ ಮಾಡಿದವರು ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಟ್ಟ ಹೊಳೆಯುವ ಪಾತ್ರೆಗಳನ್ನು ನೋಡಿಯೇ ಇರುತ್ತಾರೆ. ಒಂದರಲ್ಲಿ ಅನ್ನ, ಇನ್ನೊಂದರಲ್ಲಿ ಸಾಂಬಾರು, ಮುಂದೆ ಪಲ್ಯ, ಕುರ್ಮಾ, ಬಿಸಿಬೇಳೆಭಾತು. ತಟ್ಟೆ ಹಿಡಿದು ನಿಂತವರ ಗಮನವೆಲ್ಲ ಪಾತ್ರೆಯೊಳಗಿನ ಪದಾರ್ಥದ ಮೇಲೆ. ನಾವು ಭೌತವಿಜ್ಞಾನ ಕಲಿಸುವವರಾದುದರಿಂದಲೋ ಏನೋ, ನಮ್ಮ ಕಣ್ಣು ಅದರ ತಳಕ್ಕೆ ಹೋಗುತ್ತದೆ. ಅಲ್ಲಿ ಮತ್ತೊಂದು ಪಾತ್ರೆಯಿದೆ. ಅದರಲ್ಲಿ ಎರಡು ಬೆರಳಿನಷ್ಟು ನೀರು, ಅದರಡಿ ಒಂದು ಸಣ್ಣ ದೀಪ.

ಉರಿಯನ್ನು ನೇರವಾಗಿ ಅಡುಗೆಯ ಪಾತ್ರೆಗೇ ಏಕೆ ಕೊಡಬಾರದು? ಕೊಟ್ಟರೆ ತಳ ಹಿಡಿಯುತ್ತದೆ. ನೀರು ನಡುವೆ ಇದ್ದರೆ ಆ ಭಯವಿಲ್ಲ. ತೆರೆದ ಪಾತ್ರೆಯಲ್ಲಿ ಎಷ್ಟೇ ಕಾಯಿಸಿದರೂ ನೀರಿನ ಉಷ್ಣತೆ ಅದರ ಕುದಿಬಿಂದುವನ್ನು ದಾಟದು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಾವು ಬಳಸುವ ವಾಟರ್ ಬಾತ್ ಕೂಡ ಇದೇ. ಫ್ರೆಂಚರು ಈ ಉಪಕರಣಕ್ಕೆ ಮೇರಿ ಎಂಬ ಪ್ರಾಚೀನ ರಸವಾದಿನಿಯ ಹೆಸರನ್ನು ಇಟ್ಟಿದ್ದಾರೆ. ಅಡುಗೆಮನೆಗೂ ಪ್ರಯೋಗಶಾಲೆಗೂ ಇರುವ ನಂಟು ಹೊಸದೇನಲ್ಲ.

ಆದರೆ ಈ ಏರ್ಪಾಡು ಬಿಸಿಯನ್ನು ಉಳಿಸುವುದಕ್ಕೆ ಮಾತ್ರ ಸಾಕು, ತಣ್ಣಗಾದುದನ್ನು ಬಿಸಿಮಾಡುವುದಕ್ಕೆ ಸಾಲದು. ಸಾಂಬಾರಿನಲ್ಲಿ ತಳದ ಭಾಗ ಕಾದು ಹಗುರವಾಗಿ ಮೇಲೇರುತ್ತದೆ, ಮೇಲಿನದು ಕೆಳಗಿಳಿಯುತ್ತದೆ. ಇದೇ ಸಂವಹನ. ಅನ್ನದ ಅಗುಳು ಹೀಗೆ ಚಲಿಸಲಾರದು. ಅಗುಳುಗಳ ಸಂದಿನಲ್ಲಿ ಸಿಕ್ಕಿಕೊಂಡ ಗಾಳಿಯಂತೂ ಶಾಖದ ಅತಿ ದುರ್ಬಲ ವಾಹಕ. ಒಮ್ಮೆ ನಮ್ಮ ವಿದ್ಯಾರ್ಥಿಗಳೊಡನೆ ಇಂಥ ಊಟಕ್ಕೆ ಹೋಗಿದ್ದಾಗ ಅನ್ನದ ಮೇಲ್ಪದರ ಉಗುರುಬೆಚ್ಚಗಿತ್ತು. ಚಮಚವನ್ನು ಆಳಕ್ಕೆ ಇಳಿಸಿದರೆ ಹಬೆ ಎದ್ದಿತು. ಪಕ್ಕದ ಪಾತ್ರೆಯ ದೀಪವಂತೂ ಯಾವಾಗಲೋ ಆರಿಹೋಗಿತ್ತು. ಬಡಿಸುವವರಿಗೆ ಹೇಳಿದೆವು, ಅವರು ದೀಪ ಹಚ್ಚಿ, ಪಾತ್ರೆಯನ್ನು ಒಳಗಿನಿಂದ ಬದಲಾಯಿಸಿ ತಂದರು.

ಉಗುರುಬೆಚ್ಚಗಿನ ಅನ್ನ ರುಚಿಗಷ್ಟೇ ಕೊರತೆಯಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಇರುವುದುಂಟು. ಇವು ಕುದಿಯುವ ನೀರಿನಲ್ಲಿಯೂ ಸಾಯದೆ ಉಳಿಯಬಲ್ಲವು. ಬೆಂದ ಅನ್ನ ಗಂಟೆಗಟ್ಟಲೆ ಬೆಚ್ಚಗೆ ಕುಳಿತರೆ ಅವು ಮೊಳೆತು, ವೃದ್ಧಿಸಿ, ವಾಂತಿಯನ್ನುಂಟುಮಾಡುವ ವಿಷವನ್ನು ಕೂಡಿಸುತ್ತವೆ. ಆ ವಿಷ ಮತ್ತೆ ಕಾಯಿಸಿದರೂ ನಾಶವಾಗದು. 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ಹುರಿದ ಅನ್ನ ತಿಂದು ಹಲವರು ಅಸ್ವಸ್ಥರಾದುದಕ್ಕೆ ಕಾರಣ ಇದೇ: ಒಟ್ಟಿಗೆ ಬೇಯಿಸಿದ ಅನ್ನವನ್ನು ಅಡುಗೆಮನೆಯ ಬೆಚ್ಚನೆಯಲ್ಲಿ ಬಿಟ್ಟು ಆಮೇಲೆ ಹುರಿಯುತ್ತಿದ್ದರು. ಆದುದರಿಂದಲೇ ಬೆಂದ ಆಹಾರವನ್ನು ಬಡಿಸುವವರೆಗೂ 60 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇನ್ನು ಮುಚ್ಚಳದ ಮಾತು. ಬಡಿಸಿಕೊಂಡವರು ಅದನ್ನು ತೆರೆದೇ ಬಿಟ್ಟು ಮುಂದೆ ಹೋಗುವುದು ಸಾಮಾನ್ಯ. ಇದರ ನಷ್ಟವನ್ನು ಲೆಕ್ಕ ಹಾಕೋಣ. ಈ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 550 ಕ್ಯಾಲೊರಿ ಗುಪ್ತೋಷ್ಣ ಬೇಕು. ಒಂದು ಕಿಲೋಗ್ರಾಂ ಸಾಂಬಾರಿನಿಂದ 20 ಗ್ರಾಂ ನೀರು ಆವಿಯಾಗಿ ಹೋಯಿತೆನ್ನಿ. ಅದು ಒಯ್ಯುವ ಶಾಖ 11,000 ಕ್ಯಾಲೊರಿ. ದೀಪ ಇದನ್ನು ತುಂಬಿಕೊಡದಿದ್ದರೆ ಸಾಂಬಾರಿನ ಉಷ್ಣತೆ ಸುಮಾರು 11 ಡಿಗ್ರಿ ಇಳಿಯುತ್ತದೆ. 70 ಡಿಗ್ರಿಯಲ್ಲಿದ್ದುದು 60ರ ಗೆರೆಯನ್ನು ದಾಟಿ ಕೆಳಗೆ ಬಂದಂತಾಯಿತು. ಮುಚ್ಚಿದ್ದರೆ ಆವಿ ಮುಚ್ಚಳಕ್ಕೆ ತಗಲಿ ಹನಿಯಾಗಿ ಮತ್ತೆ ಪಾತ್ರೆಗೇ ಬೀಳುತ್ತದೆ. (ಪೂರಿಗೆ ಮಾತ್ರ ಇದು ಒಳ್ಳೆಯದಲ್ಲ, ಮುಚ್ಚಿಟ್ಟ ಪೂರಿ ಒದ್ದೆಯಾಗಿ ಮೆತ್ತಗಾಗುತ್ತದೆ.)

ಕುರ್ಮಾದ ಸಂಗತಿ ಬೇರೆ. ಅದರ ಮೇಲೆ ತೇಲುವ ಎಣ್ಣೆಯೇ ಮುಚ್ಚಳದ ಕೆಲಸ ಮಾಡಿ ಆವಿಯನ್ನು ತಡೆಯುತ್ತದೆ. ಹಬೆ ಕಾಣದೆಂದು ಆರಿದೆಯೆಂದು ಭಾವಿಸಿ ನಾಲಿಗೆ ಸುಟ್ಟುಕೊಂಡವರಲ್ಲಿ ನಾವೂ ಒಬ್ಬರು. ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಬಗೆಯ ಎರಡು ಲೋಟಗಳಿಗೆ ಸಮನಾಗಿ ಬಿಸಿನೀರು ಹಾಕಿ, ಒಂದರ ಮೇಲೆ ಮಾತ್ರ ಒಂದು ಚಮಚ ಅಡುಗೆಯೆಣ್ಣೆ ಬಿಡಿರಿ. ಹತ್ತು ನಿಮಿಷ ಕಳೆದ ಮೇಲೆ ಎರಡರಲ್ಲಿಯೂ ಉಷ್ಣಮಾಪಕವನ್ನು ಇಳಿಸಿ ನೋಡಿರಿ.