ಕಾವಲಿಗೆ ಇಬ್ಬರು, ಗೋಡೆಗೆ ಗಾರೆಯಿಲ್ಲ

2025ರ ದೀಪಾವಳಿಗೆ ಬಂದ ಅಕ್ಕನ ಮಗ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಊಟದ ಮೇಜಿನ ಮೇಲಿಟ್ಟ. ಧಾರವಾಡದಲ್ಲಿ ರೂಮು ಮಾಡಿಕೊಂಡು ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಹುಡುಗ. ಯಂತ್ರ 2015ರದ್ದು, ಸೆಕೆಂಡ್ ಹ್ಯಾಂಡ್: ಐದನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ಮೆಮೊರಿ, ಗರಗರ ತಿರುಗುವ ಹಾರ್ಡ್ ಡಿಸ್ಕ್. ಮೊಬೈಲ್ ಡೇಟಾ ಮುಗಿದ ದಿನ ರೈಲ್ವೆ ಸ್ಟೇಷನ್ನಿಗೆ ಹೋಗಿ, ಅಲ್ಲಿನ ಪುಕ್ಕಟೆ ವೈಫೈಯಲ್ಲಿ ಪಾಠದ ವಿಡಿಯೊ, ಪಿಡಿಎಫ್ ಇಳಿಸಿಕೊಂಡು ಬರುತ್ತಾನೆ.

"ಮಾಮಾ, ಸ್ಟೇಷನ್ ವೈಫೈದಾಗ ವೈರಸ್ ಬರ್ತಾವಂತ. ಯಾವ ಆಂಟಿವೈರಸ್ ಹಾಕ್ಕೊಂಡ್ರ ಛಲೋ?"

ಸ್ವಿಚ್ ಒತ್ತಿದೆ. ಕಾಫಿ ಕಾಸಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ಯಂತ್ರ ಇನ್ನೂ ಏಳುತ್ತಲೇ ಇತ್ತು. ಕೊನೆಗೆ ಪರದೆ ಬೆಳಗಿದಾಗ ಮೂಲೆಯಲ್ಲಿ ಒಂದಲ್ಲ, ಎರಡು ಆಂಟಿವೈರಸ್‌ಗಳ ಚಿಹ್ನೆ ಕಂಡವು. ಇಷ್ಟು ಸಾಲದೆಂದು ಮೂರನೆಯದನ್ನು ಕೇಳಲು ಬಂದಿದ್ದಾನೆ!

ಯಂತ್ರ ತೆವಳುವುದು ಏಕೆಂದು ಮೊದಲು ನೋಡೋಣ. ನೀವು ಯಾವ ಫೈಲು ತೆರೆದರೂ ಆ ಕೋರಿಕೆ ಆಪರೇಟಿಂಗ್ ಸಿಸ್ಟಮ್‌ನ ತಳಪದರವನ್ನು ಹಾದು ಹೋಗಬೇಕು. ಆಂಟಿವೈರಸ್ ಅಲ್ಲೇ ನಾಕಾ ಹಾಕಿಕೊಂಡು ಕೂತಿರುತ್ತದೆ. ಫೈಲನ್ನು ತಾನು ಮೊದಲು ಓದಿ, ಪರವಾಗಿಲ್ಲ ಎಂದ ಮೇಲಷ್ಟೇ ಅದು ನಿಮ್ಮ ಕೈಗೆ ಬರುತ್ತದೆ. ಹಳೆಯ ಲ್ಯಾಪ್‌ಟಾಪಿನ ಡಿಸ್ಕು ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಓದುವ ಮುಳ್ಳು ಜಾಗ ಬದಲಿಸುವ ಹೊತ್ತನ್ನೂ ಸೇರಿಸಿದರೆ, ಅಲ್ಲಲ್ಲಿ ಚದುರಿದ ಮಾಹಿತಿಯನ್ನು ಅದು ಸೆಕೆಂಡಿಗೆ ನೂರು ಸಲ ಹೆಕ್ಕಿದರೆ ಹೆಚ್ಚು. ಅದೇ ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಹತ್ತಾರು ಸಾವಿರ ಸಲ ಹೆಕ್ಕುತ್ತದೆ. ಇನ್ನು ನಾಕಾಗಳು ಎರಡಿದ್ದರೆ? ಒಂದು ಆಂಟಿವೈರಸ್ ಫೈಲು ಓದಲು ಹೋದರೆ ಅದೂ ಒಂದು ಕೋರಿಕೆಯೇ ಆದ್ದರಿಂದ ಇನ್ನೊಂದು ಅದನ್ನು ತಡೆದು ನೋಡುತ್ತದೆ. ಇಬ್ಬರು ಕಾವಲುಗಾರರು ಪರಸ್ಪರರ ಜೇಬು ತಡಕುತ್ತ ನಿಂತರೆ ಮನೆಯ ಯಜಮಾನ ಬಾಗಿಲಲ್ಲೇ ಕಾಯಬೇಕು.

ಆ ಕಾವಲುಗಾರ ಕಳ್ಳನನ್ನು ಗುರುತಿಸುವುದು ಹೇಗೆ? ಮೊದಮೊದಲು ಕೆಲಸ ಸುಲಭವಿತ್ತು. 1986ರಲ್ಲಿ ಲಾಹೋರಿನ ಆಲ್ವಿ ಸಹೋದರರು ಬರೆದ 'ಬ್ರೇನ್' ಎಂಬ ವೈರಸ್ ಫ್ಲಾಪಿಯಿಂದ ಫ್ಲಾಪಿಗೆ ದಾಟಿ ದೇಶ ಸುತ್ತಿತು. ಅದರೊಳಗೆ ಅವರ ಅಂಗಡಿಯ ವಿಳಾಸ, ಫೋನ್ ನಂಬರು ಎಲ್ಲ ಇದ್ದವು! ಕಳ್ಳ ತನ್ನ ವಿಸಿಟಿಂಗ್ ಕಾರ್ಡ್ ಬಿಟ್ಟುಹೋಗುತ್ತಿದ್ದ ಕಾಲ ಅದು. ಇಂಥ ಗುರುತಿನ ತುಣುಕುಗಳ ಪಟ್ಟಿ ಇಟ್ಟುಕೊಂಡು ತಾಳೆ ನೋಡಿದರೆ ಸಾಕಾಗುತ್ತಿತ್ತು. ಈಗ ಜರ್ಮನಿಯ ಮ್ಯಾಗ್ಡೆಬರ್ಗ್‌ನ ಎವಿ-ಟೆಸ್ಟ್ ಸಂಸ್ಥೆ ದಿನಕ್ಕೆ 4,50,000ಕ್ಕೂ ಹೆಚ್ಚು ಹೊಸ ಕೇಡಿನ ಪ್ರೋಗ್ರಾಮ್‌ಗಳನ್ನು ದಾಖಲಿಸುತ್ತದೆ. ಹೆಚ್ಚಿನವು ಹಳೆಯವೇ ವೇಷ ಬದಲಿಸಿ ಬಂದವು. ಬರೀ ಪಟ್ಟಿಯಿಂದ ಕೆಲಸ ಸಾಗದು. ಹಾಗಾಗಿ ಇಂದಿನ ಆಂಟಿವೈರಸ್ ಮುಖದ ಜೊತೆಗೆ ನಡತೆಯನ್ನೂ ನೋಡುತ್ತದೆ: ಆಟದ ಪ್ರೋಗ್ರಾಮ್ ಎಂದು ಹೇಳಿಕೊಂಡು ಬಂದದ್ದು ನಿಮ್ಮ ಫೋಟೊಗಳನ್ನೆಲ್ಲ ಒಂದೊಂದಾಗಿ ಗೂಢಲಿಪಿಗೆ ಬದಲಿಸತೊಡಗಿದರೆ ಹಿಡಿದು ನಿಲ್ಲಿಸುತ್ತದೆ. ಅನುಮಾನ ಬಂದರೆ ಕಂಪನಿಯ ಸರ್ವರನ್ನು ಕೇಳುತ್ತದೆ.

ಇಷ್ಟಾದರೂ ತಪ್ಪದೆ ಹಿಡಿಯಬಲ್ಲ ಆಂಟಿವೈರಸ್ ಇಲ್ಲ, ಮುಂದೆ ಬರುವುದೂ ಇಲ್ಲ. 1980ರ ದಶಕದಲ್ಲೇ ಅಮೆರಿಕದ ಫ್ರೆಡ್ ಕೋಹೆನ್ ಇದನ್ನು ಗಣಿತದಿಂದಲೇ ಸಾಧಿಸಿ ತೋರಿಸಿದರು. ವಾದ ಒಗಟಿನಂತಿದೆ. ಎಂದೂ ತಪ್ಪದ ಒಬ್ಬ ಪರೀಕ್ಷಕ ಇದ್ದಾನೆಂದುಕೊಳ್ಳಿ. ನಾನೊಂದು ಪ್ರೋಗ್ರಾಮ್ ಬರೆಯುತ್ತೇನೆ. ಅದು ಮೊದಲು ಆ ಪರೀಕ್ಷಕನನ್ನೇ "ನಾನು ವೈರಸ್ಸೋ ಅಲ್ಲವೋ?" ಎಂದು ಕೇಳುತ್ತದೆ. "ವೈರಸ್" ಎಂದರೆ ತೆಪ್ಪಗೆ ಕೂರುತ್ತದೆ. "ಅಲ್ಲ" ಎಂದರೆ ಹರಡತೊಡಗುತ್ತದೆ. ಪರೀಕ್ಷಕ ಏನು ಹೇಳಿದರೂ ಸುಳ್ಳಾಯಿತಲ್ಲ! ಆದ್ದರಿಂದ ಅಂಥ ಪರೀಕ್ಷಕ ಇರಲಾರ. ಡಬ್ಬಿಯ ಮೇಲೆ "ಶೇ 100 ರಕ್ಷಣೆ" ಎಂದು ಕಂಡರೆ ಕೋಹೆನ್‌ರನ್ನು ನೆನೆಸಿಕೊಂಡು ಮುಂದಕ್ಕೆ ಹೋಗಬಹುದು.

ಇನ್ನು ಹುಡುಗನ ಮುಖ್ಯ ಭಯ, ಸ್ಟೇಷನ್ ವೈಫೈ. ಹದಿನೈದು ವರ್ಷದ ಹಿಂದೆ ಕೇಳಿದ್ದರೆ ನಾನೂ ಹೌಹಾರುತ್ತಿದ್ದೆ. ಪಾಸ್‌ವರ್ಡ್ ಇಲ್ಲದ ವೈಫೈಯಲ್ಲಿ ಆಗ ನಿಮ್ಮ ಮಾತು ಅಂಚೆಕಾರ್ಡಿನಂತಿತ್ತು, ಪಕ್ಕದ ಬೆಂಚಿನವರೂ ಓದಬಹುದಿತ್ತು. 2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಎಂಬ ಪ್ರೋಗ್ರಾಮರ್ 'ಫೈರ್‌ಶೀಪ್' ಎಂಬ ಪುಟ್ಟ ಉಪಕರಣವನ್ನು ಎಲ್ಲರಿಗೂ ಹಂಚಿಬಿಟ್ಟ. ಫೈರ್‌ಫಾಕ್ಸ್ ಬ್ರೌಸರಿಗೆ ಅದನ್ನು ಸೇರಿಸಿಕೊಂಡರೆ, ಅದೇ ಕಾಫಿ ಅಂಗಡಿಯಲ್ಲಿ ಫೇಸ್‌ಬುಕ್ ತೆರೆದು ಕೂತವರ ಹೆಸರುಗಳು ಸಾಲಾಗಿ ಕಾಣುತ್ತಿದ್ದವು. ಹೆಸರಿನ ಮೇಲೆ ಒತ್ತಿದರೆ ಅವರ ಖಾತೆಯೊಳಗೆ ನೀವು! ಜಾಲತಾಣಗಳ ಅಸಡ್ಡೆಯನ್ನು ಬಯಲಿಗೆಳೆಯುವುದು ಅವನ ಉದ್ದೇಶವಾಗಿತ್ತು, ಅದು ನೆರವೇರಿತು. ದೊಡ್ಡ ತಾಣಗಳು ಒಂದೊಂದಾಗಿ, ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವ ಎಚ್‌ಟಿಟಿಪಿಎಸ್‌ಗೆ ಬದಲಾದವು. 2015ರ ಡಿಸೆಂಬರಿನಲ್ಲಿ 'ಲೆಟ್ಸ್ ಎನ್‌ಕ್ರಿಪ್ಟ್' ಸಂಸ್ಥೆ ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಎಲ್ಲರಿಗೂ ಪುಕ್ಕಟೆ ಕೊಡತೊಡಗಿದ ಮೇಲೆ ಸಣ್ಣ ತಾಣಗಳೂ ಹಿಂಬಾಲಿಸಿದವು. ಮರುತಿಂಗಳು, 2016ರ ಜನವರಿಯಲ್ಲಿ, ಮುಂಬೈ ಸೆಂಟ್ರಲ್‌ನಲ್ಲಿ ನಮ್ಮ ರೈಲ್ವೆಯ ಪುಕ್ಕಟೆ ವೈಫೈ ಶುರುವಾಯಿತು. ಅದೀಗ 6,000ಕ್ಕೂ ಹೆಚ್ಚು ಸ್ಟೇಷನ್ನುಗಳಲ್ಲಿದೆ. ಅಂಚೆಕಾರ್ಡು ಈಗ ಲಕೋಟೆಯಾಗಿದೆ. ಇಂದು ಕದ್ದು ನೋಡುವವನಿಗೆ ನೀವು ಯಾವ ಬ್ಯಾಂಕಿನ ತಾಣಕ್ಕೆ ಹೋದಿರಿ ಎಂಬುದು ತಿಳಿದೀತು, ಪಾಸ್‌ವರ್ಡ್ ತಿಳಿಯದು.

ಹಾಗೆಂದು ಕಣ್ಣು ಮುಚ್ಚಿ ಕೂರಲಾಗದು. ನಕಲಿ ವೈಫೈಗಳಿವೆ. 2024ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಪೊಲೀಸರು ವಿಮಾನ ನಿಲ್ದಾಣಗಳಲ್ಲಿ, ವಿಮಾನದೊಳಗೆ ಕೂಡ, ಅಲ್ಲಿನದೇ ಹೆಸರಿನ ಸುಳ್ಳು ವೈಫೈ ಹಚ್ಚಿ ಪ್ರಯಾಣಿಕರ ಇಮೇಲ್ ಪಾಸ್‌ವರ್ಡ್ ಕೇಳುತ್ತಿದ್ದ ಆರೋಪದ ಮೇಲೆ ಒಬ್ಬನ ವಿರುದ್ಧ ಪ್ರಕರಣ ಹೂಡಿದರು. ನಮ್ಮ ರೈಲ್ವೆ ವೈಫೈ ಕೇಳುವುದು ಮೊಬೈಲ್ ನಂಬರು ಮತ್ತು ಒಟಿಪಿ. ಜಿಮೇಲ್ ಪಾಸ್‌ವರ್ಡ್ ಕೇಳಿದರೆ ಅದು ರೈಲ್ವೆಯದ್ದಲ್ಲ, ಎದ್ದು ಬನ್ನಿ. ಬ್ರೌಸರ್ "ಈ ಸಂಪರ್ಕ ಸುರಕ್ಷಿತವಲ್ಲ" ಎಂದು ತಡೆದರೆ ದಾಟಿ ಹೋಗಬೇಡಿ. ಇವೆರಡರಲ್ಲೂ ಕೊನೆಯ ತೀರ್ಮಾನ ನಿಮ್ಮ ಬೆರಳಿನದು, ಆಂಟಿವೈರಸ್ಸಿನದಲ್ಲ.

ಸ್ಟೇಷನ್ನಿನಲ್ಲಿ ನಿಜವಾಗಿ ಅಂಜಬೇಕಾದ್ದು ಅದೇ ಜಾಲಕ್ಕೆ ಸೇರಿಕೊಂಡ ಬೇರೆ ಯಂತ್ರಗಳಿಗೆ. 2017ರ ಮೇ 12ರಂದು ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ 'ವನ್ನಾಕ್ರೈ' ಎಂಬ ಕೇಡಿನ ಪ್ರೋಗ್ರಾಮ್ ಹರಡಿದ್ದು ನೆನಪಿರಬಹುದು. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಿದವು. ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಯಂತ್ರಗಳು ಸಿಕ್ಕಿಬಿದ್ದವು. ಅದು ಹರಡಲು ಯಾರೂ ಏನನ್ನೂ ಒತ್ತಬೇಕಿರಲಿಲ್ಲ. ಫೈಲ್ ಹಂಚಿಕೊಳ್ಳಲೆಂದು ವಿಂಡೋಸ್‌ನಲ್ಲಿದ್ದ ಕಿಂಡಿಯೊಂದರ ದೋಷ ಹಿಡಿದು, ಜಾಲದಲ್ಲಿದ್ದ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ನುಗ್ಗಿತು. ಬೇಸರದ ಸಂಗತಿಯೆಂದರೆ ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ, ಎರಡು ತಿಂಗಳು ಮುಂಚೆ, ತೇಪೆ ಹಂಚಿತ್ತು. ಹಾಕಿಕೊಂಡವರು ಬಚಾವಾದರು. ಉಳಿದವರದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಕತೆ.

ಆಂಟಿವೈರಸ್ ಕಾವಲುಗಾರ, ಅಪ್‌ಡೇಟ್ ಗೋಡೆಗೆ ಹಚ್ಚುವ ಗಾರೆ. ನನ್ನ ಸೋದರಳಿಯನ ಲ್ಯಾಪ್‌ಟಾಪಿನಲ್ಲಿದ್ದದ್ದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ ಮುಗಿದದ್ದು 2025ರ ಅಕ್ಟೋಬರ್ 14ಕ್ಕೆ, ಹಬ್ಬಕ್ಕೆ ಒಂದು ವಾರ ಮುಂಚೆ. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಆಚಿನ ಪ್ರೊಸೆಸರ್ ಬೇಕು, ಇವನದು ಐದನೆಯದು. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ತೇಪೆ ಕೊಡುತ್ತೇವೆಂದು ಕಂಪನಿ ಘೋಷಿಸಿತು. ಜೊತೆಗೆ ಇನ್ನೊಂದು ಮಾತು: ವಿಂಡೋಸ್‌ನೊಳಗೇ ಇರುವ ಡಿಫೆಂಡರ್ ಆಂಟಿವೈರಸ್ಸಿಗೆ ಮಾತ್ರ 2028ರ ಅಕ್ಟೋಬರ್‌ವರೆಗೆ ಹೊಸ ವೈರಸ್‌ಗಳ ಗುರುತು ಬರುತ್ತಿರುತ್ತದೆ. ಅಂದರೆ ಗೋಡೆ ಬಿರುಕು ಬಿಟ್ಟರೂ ಕಾವಲುಗಾರನಿಗೆ ಕಳ್ಳರ ಫೋಟೊ ತಲುಪುತ್ತಲೇ ಇರುತ್ತದೆ. ಸಂಬಳ ಕೊಟ್ಟು ಬೇರೆ ಕಾವಲುಗಾರನನ್ನು ತಂದರೂ ಬಿರುಕು ಬಿರುಕೇ.

ಕಾವಲುಗಾರರಲ್ಲೂ ತರಾವರಿ ಇದ್ದಾರೆ. 'ಪುಕ್ಕಟೆ' ಎಂಬ ಆಂಟಿವೈರಸ್‌ಗಳಲ್ಲಿ ಹೆಸರುವಾಸಿಯಾದ ಅವಾಸ್ಟ್, ಬಳಕೆದಾರರು ಯಾವ ತಾಣಗಳಿಗೆ ಹೋದರೆಂಬ ವಿವರವನ್ನು ತನ್ನ ಅಂಗಸಂಸ್ಥೆಯ ಮೂಲಕ ಮಾರಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಆರೋಪ ಹೊರಿಸಿ, 1.65 ಕೋಟಿ ಡಾಲರ್ ಕಟ್ಟುವಂತೆ ಮಾಡಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು. ದುಡ್ಡು ಕೊಟ್ಟವರಿಗೂ ಅಪಾಯ ತಪ್ಪಿದ್ದಲ್ಲ. ಅದೇ ವರ್ಷ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ದುಬಾರಿ ರಕ್ಷಣಾ ತಂತ್ರಾಂಶದ ಒಂದು ಕೆಟ್ಟ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ತಳಪದರದಲ್ಲಿ ಕೂರುವ ಪ್ರೋಗ್ರಾಮ್ ಎಡವಿದರೆ ಇಡೀ ಯಂತ್ರವೇ ಬೀಳುತ್ತದೆ.

ಹುಡುಗನ ಯಂತ್ರದಲ್ಲಿದ್ದ ಎರಡೂ ಆಂಟಿವೈರಸ್‌ಗಳನ್ನು ಕಿತ್ತುಹಾಕಿದೆ. ಬೇರೆ ಆಂಟಿವೈರಸ್ ಇದ್ದಾಗ ಪಕ್ಕಕ್ಕೆ ಸರಿದು ಮಲಗುವ ಡಿಫೆಂಡರ್ ಎಚ್ಚರಗೊಂಡಿತು. ವಿಂಡೋಸ್ 10 ಇರುವವರಿಗೆ ಇದೇ ಸಾಕೆಂಬುದು ನನ್ನ ಅಭಿಪ್ರಾಯ. ಎವಿ-ಟೆಸ್ಟ್‌ನ 18 ಅಂಕಗಳ ಪರೀಕ್ಷೆಯಲ್ಲಿ ಅದು ದುಡ್ಡಿನವುಗಳ ಸಮಕ್ಕೆ ನಿಲ್ಲುತ್ತದೆ. ಕೊರತೆ ಇಲ್ಲದಿಲ್ಲ: ಇಂಟರ್ನೆಟ್ ಇಲ್ಲದಿದ್ದಾಗ ಅದರ ಚುರುಕು ತಗ್ಗುತ್ತದೆ. ಝೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್ ಡ್ರೈವನ್ನು ರೂಮಿನಲ್ಲಿ ನೆಟ್ ಇಲ್ಲದೆ ತೆರೆಯುವ ಇವನಂಥವರಿಗೆ ಅದು ಸಣ್ಣ ವಿಷಯವಲ್ಲ.

ಆದರೆ ಡಿಫೆಂಡರಿನ ಸೆಟ್ಟಿಂಗ್ ತೆರೆದಾಗ ಕಂಡದ್ದು ಬೇರೆಯೇ. "ಇವನ್ನು ಪರೀಕ್ಷಿಸಬೇಡ" ಎಂಬ ಪಟ್ಟಿಯಲ್ಲಿ ಇಡೀ ಸಿ ಡ್ರೈವ್ ಇತ್ತು! ಮಾರಿದ ಅಂಗಡಿಯವನು ಆಫೀಸ್ ತಂತ್ರಾಂಶವನ್ನು ಕ್ರ್ಯಾಕ್ ಮಾಡಿ ಹಾಕಿಕೊಡುವಾಗ, ಡಿಫೆಂಡರ್ ಅಡ್ಡಬರದಿರಲೆಂದು ಅದರ ಕಣ್ಣು ಕಟ್ಟಿದ್ದ. ಹುಡುಗ ಸ್ಟೇಷನ್ ವೈಫೈಗೆ ಹೆದರುತ್ತಿದ್ದ. ಬಾಗಿಲು ತೆರೆದಿಟ್ಟಿದ್ದು ಆ ಕ್ರ್ಯಾಕು.

"ಅಂದ್ರ ಈಗೇನ್ ಮಾಡೂದು ಮಾಮಾ?"

ಮುಖ್ಯವಾದ ಟಿಪ್ಪಣಿಗಳನ್ನು ತೆಗೆದಿಟ್ಟು, ಹಳೆಯ ಡಿಸ್ಕ್ ಬಿಚ್ಚಿ ಎಸ್‌ಎಸ್‌ಡಿ ಕೂರಿಸಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದೆವು. ಅದು ಪುಕ್ಕಟೆ, 22ನೇ ಆವೃತ್ತಿಗೆ 2029ರವರೆಗೆ ತೇಪೆ ಬರುತ್ತದೆ. ಲಿನಕ್ಸಿಗೆ ವೈರಸ್ಸೇ ಇಲ್ಲವೆನ್ನುವುದು ಸುಳ್ಳು, ಆದರೆ ಮನೆಬಳಕೆಯ ಯಂತ್ರಗಳಿಗೆ ಗುರಿಯಿಟ್ಟವು ಕಡಿಮೆ. ವಿಡಿಯೊ ನೋಡಿ, ಪಿಡಿಎಫ್ ಓದುವವನಿಗೆ ವಿಂಡೋಸಿನ ಹಂಗೇನೂ ಇಲ್ಲ. ಕನ್ನಡ ಟೈಪಿಸಲು ಕಗಪ ಕೀಲಿಮಣೆ ಅದರೊಳಗೇ ಇದೆ. ವಿಂಡೋಸಿನಲ್ಲೇ ಉಳಿಯುವವರು ಸ್ಟೇಷನ್ನಿನಂಥ ಕಡೆ ವೈಫೈಯನ್ನು 'ಪಬ್ಲಿಕ್' ಎಂದು ಗುರುತಿಸಲಿ, ಆಗ ಆ ಫೈಲ್ ಹಂಚುವ ಕಿಂಡಿ ಮುಚ್ಚಿಕೊಳ್ಳುತ್ತದೆ.

ನಿಮ್ಮ ಮನೆಯಲ್ಲೂ ಇಂಥ ಲ್ಯಾಪ್‌ಟಾಪ್ ಇದ್ದರೆ ಇವತ್ತೇ ಅದರ ಅಪ್‌ಡೇಟ್ ಪುಟ ತೆರೆದು, ಕೊನೆಯ ತೇಪೆ ಯಾವ ದಿನಾಂಕದ್ದೆಂದು ನೋಡಿ. 2025ರ ಅಕ್ಟೋಬರಿಗೇ ನಿಂತಿದ್ದರೆ ಆಂಟಿವೈರಸ್ ಹುಡುಕುವುದನ್ನು ಬಿಟ್ಟು ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಅಲ್ಲಿಯವರೆಗೆ ಅದರಲ್ಲಿ ಬ್ಯಾಂಕಿನ ವ್ಯವಹಾರ ಬೇಡ.