ಪಟ್ಟಿಗೆ ಸಿಕ್ಕದ ರಕ್ಕಸರು

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರವೆಂದೊಡನೆ ಚಿತ್ರದುರ್ಗ ಸೀಮೆಯ ಜನರಿಗೆ ನೆನಪಾಗುವುದು ಅಲ್ಲಿಯ ಶ್ರೀ ಲಕ್ಷ್ಮೀನರಸಿಂಹಸ್ವಾಮಿ. ನರಸಿಂಹನೆಂದರೆ ಸಿಂಹದ ಮೋರೆ, ಮನುಷ್ಯನ ಮೈ. ತಲೆತಲಾಂತರದಿಂದ ಕೈಮುಗಿಯುತ್ತ ಬಂದವರಿಗೆ ಈ ರೂಪದಲ್ಲಿ ವಿಚಿತ್ರವೇನೂ ತೋರದು. ಆದರೆ ಕಥೆಯನ್ನೇ ಅರಿಯದ ಪರದೇಶಿಯೊಬ್ಬನು ಇದನ್ನು ಕಂಡರೆ ಯಾವ ಗುಂಪಿಗೆ ಸೇರಿಸಿಯಾನು? ಮನುಷ್ಯರಿಗೋ, ಮೃಗಗಳಿಗೋ, ಇಲ್ಲವೆ ಭೂತಗಳಿಗೋ?

ಹೀಗೆ ವಿಂಗಡಿಸುವುದನ್ನೇ ಕೆಲಸವಾಗಿಸಿಕೊಂಡ ಪುಸ್ತಕವೊಂದು 1977ರಲ್ಲಿ ಅಮೆರಿಕದಲ್ಲಿ ಅಚ್ಚಾಯಿತು. ಅದರ ಹೆಸರು ‘ಮಾನ್‌ಸ್ಟರ್ ಮ್ಯಾನ್ಯುಯಲ್’. ಎಂದರೆ ವಿಕಾರಜೀವಿಗಳ ಕೈಪಿಡಿ. ಬರೆದವರು ಗ್ಯಾರಿ ಗೈಗ್ಯಾಕ್ಸ್. 1974ರಲ್ಲಿ ಅವರೂ ಡೇವ್ ಆರ್ನೆಸನ್ನರೂ ಕೂಡಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟಕ್ಕೆ ಇದು ಸಂಗಾತಿ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ತಾವೇ ವೀರರೂ ಮಾಂತ್ರಿಕರೂ ಆಗಿ ಕಥೆ ಕಟ್ಟುವ ಆಟವಿದು. ಒಬ್ಬನು ಸೂತ್ರಧಾರ, ಎದುರಾಗುವ ವೈರಿಗಳೆಲ್ಲ ಅವನ ಕೈಯಲ್ಲಿ. ಏಟು ತಾಗಿತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ನಿರ್ಣಯಿಸುತ್ತದೆ.

ಮೂರುನೂರೈವತ್ತಕ್ಕೂ ಮಿಕ್ಕ ಜೀವಿಗಳು ಆ ಪುಸ್ತಕದಲ್ಲಿವೆ. ಗ್ರೀಕರ ಪುರಾಣದಿಂದ ಬಂದವು ಕೆಲವು. ಯೂರೋಪಿನ ಜಾನಪದದಿಂದ ಬಂದವು ಹಲವು. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳನ್ನು ನೋಡಿ ಕಲ್ಪಿಸಿಕೊಂಡ, ಕಬ್ಬಿಣಕ್ಕೆ ತುಕ್ಕು ಹಿಡಿಸುವ ಪ್ರಾಣಿಯಂಥವೂ ಅಲ್ಲಿ ಸ್ಥಾನ ಪಡೆದಿವೆ. ಪ್ರತಿಯೊಂದಕ್ಕೂ ಲೆಕ್ಕವಿದೆ: ಅದರ ಮೈ ಎಷ್ಟು ದುರ್ಭೇದ್ಯ, ಎಷ್ಟು ಪೆಟ್ಟು ತಾಳೀತು, ಒಮ್ಮೆಗೆ ಎಷ್ಟು ಸಾರಿ ಎರಗೀತು, ಗವಿಯಲ್ಲಿ ಎಂಥ ನಿಧಿ ದೊರೆತೀತು.

ಹುಲಿಮೋರೆಯ ನೆಂಟ

ಈ ಸಂತೆಯಲ್ಲಿ ನಮ್ಮವನೊಬ್ಬನಿದ್ದಾನೆ. ಅವನೇ ರಾಕ್ಷಸ. ಹೆಸರು ಬದಲಾಗಿಲ್ಲ, ವೇಷ ಮಾತ್ರ ಬೇರೆ. ಚಿತ್ರದಲ್ಲಿ ಅವನಿಗೆ ಹುಲಿಯ ತಲೆ. ಮೈಮೇಲೆ ಶ್ರೀಮಂತರ ನಿಲುವಂಗಿ. ಕೈಯಲ್ಲಿ ಹೊಗೆಬತ್ತಿಯ ಕೊಳವೆ! ಎದುರಾಳಿಯ ಮನಸ್ಸನ್ನು ಓದಿ, ಅವನು ನಂಬುವವರ ರೂಪದಲ್ಲಿ ಬಳಿಗೆ ಬರುವುದು ಇವನ ಮಾಯೆ. ಪುರೋಹಿತನು ಹರಸಿದ ಅಡ್ಡಬಿಲ್ಲಿನ ಬಾಣವೊಂದು ತಾಗಿದರೆ ಸಾವು. ಈ ಮಾಯೆಗೂ ಬಾಣಕ್ಕೂ ಮೂಲ ಯಾವ ಪುರಾಣವೂ ಅಲ್ಲ. 1974ರಲ್ಲಿ ‘ಕೋಲ್ಚಾಕ್’ ಎಂಬ ಅಮೆರಿಕದ ದೂರದರ್ಶನ ಕಥಾಮಾಲೆಯ ಒಂದು ಕಂತಿನಲ್ಲಿ ಇವೆರಡೂ ಕಾಣಿಸಿಕೊಂಡಿದ್ದವು. ಮುಂದಿನ ಆವೃತ್ತಿಗಳಲ್ಲಿ ಅವನ ಅಂಗೈಗಳು ಹಿಂದುಮುಂದಾದವು. ಇಂದು ದೂರದೇಶದಲ್ಲಿ ಬೆಳೆಯುವ ಕನ್ನಡದ ಮಗುವೊಂದು ‘ರಾಕ್ಷಸ’ ಎಂಬ ಮಾತನ್ನು ಅಜ್ಜಿಯ ಬಾಯಿಂದ ಕೇಳುವ ಮೊದಲೇ ಈ ಹುಲಿಮೋರೆಯಿಂದ ಕಲಿತರೆ ಅಚ್ಚರಿಯಿಲ್ಲ.

ವೇಷ ಬದಲಾದುದಕ್ಕೆ ಕೊರಗಬೇಕಾಗಿಲ್ಲ. ರಕ್ಕಸರು ಹುಟ್ಟಾ ಕಾಮರೂಪಿಗಳು. ಯಕ್ಷಗಾನದ ಬಣ್ಣದ ವೇಷದಲ್ಲಿ ಅವರು ತಾಳಿರುವ ರೂಪಗಳೇನು ಕಡಮೆಯೇ? ಯೋಚಿಸಬೇಕಾದುದು ಇನ್ನೊಂದು. ಕೈಪಿಡಿಯಲ್ಲಿ ರಾಕ್ಷಸನ ಹೆಸರಿನ ಮುಂದೆ ಸ್ವಭಾವದ ಸಾಲೊಂದಿದೆ. ಅಲ್ಲಿ ಬರೆದಿರುವುದು: ಕಟ್ಟಳೆಗೆ ಬದ್ಧನಾದ ದುಷ್ಟ.

ದುರ್ಗದ ಹಿಡಿಂಬಿ

ಆ ಸಾಲನ್ನು ಹಿಡಿದುಕೊಂಡು ಹೊರಕೆರೆದೇವಪುರದಿಂದ ಜಿಲ್ಲೆಯ ತಲೆಪಟ್ಟಣಕ್ಕೆ ಬಂದರೆ ಲೆಕ್ಕ ತಪ್ಪುತ್ತದೆ. ಚಿತ್ರದುರ್ಗದ ಬೆಟ್ಟ ಹಿಡಿಂಬಾಸುರನ ನೆಲೆಯಾಗಿತ್ತೆಂದು ಐತಿಹ್ಯ. ಏಳುಸುತ್ತಿನ ಕೋಟೆಯೊಳಗೆ ಅವನ ಹೆಸರಿನಲ್ಲೇ ಹಿಡಿಂಬೇಶ್ವರನ ಗುಡಿಯಿದೆ. ಹಿಡಿಂಬನ ಹಲ್ಲೆಂದು ಜನ ಹೇಳುತ್ತ ಬಂದ ದೊಡ್ಡ ಎಲುಬೊಂದೂ, ಭೀಮನ ಭೇರಿ ಎಂಬ ಕಬ್ಬಿಣದ ತಗಡಿನ ಉರುಳೆಯೊಂದೂ ಆ ಗುಡಿಯಲ್ಲಿದ್ದ ಸಂಗತಿಯನ್ನು ಹಳೆಯ ಗ್ಯಾಸೆಟಿಯರು ದಾಖಲಿಸಿದೆ. ಕೊಂದವನ ವಾದ್ಯವೂ ಸತ್ತವನ ಹಲ್ಲೂ ಒಂದೇ ಸೂರಿನಡಿ! ಸೋತ ರಕ್ಕಸನನ್ನು ಈ ಸೀಮೆ ಓಡಿಸಲಿಲ್ಲ. ದೇವರ ಹೆಸರಿನೊಡನೆ ಅವನ ಹೆಸರನ್ನು ಬೆಸೆದು ಉಳಿಸಿಕೊಂಡಿತು.

ಅವನ ತಂಗಿ ಹಿಡಿಂಬಿಯ ಕಥೆಯಂತೂ ಯಾವ ಪಟ್ಟಿಗೂ ಒಗ್ಗದು. ಅರಗಿನ ಮನೆಯಿಂದ ಪಾರಾಗಿ ಅಡವಿಯಲ್ಲಿ ಮಲಗಿದ್ದ ಪಾಂಡವರನ್ನು ಕೊಂದು ತರಲೆಂದು ಅಣ್ಣ ಅವಳನ್ನು ಕಳುಹಿದನು. ಕಾವಲಿದ್ದ ಭೀಮನನ್ನು ಕಂಡು ಅವಳು ಮನಸೋತಳು. ಅಣ್ಣನು ಮಡಿದ ಮೇಲೆ ಭೀಮನು ಅವಳ ಮೇಲೂ ಕೈಯೆತ್ತಿದಾಗ ತಡೆದವನು ಧರ್ಮರಾಯ. ಅವಳ ಬಿನ್ನಪಕ್ಕೆ ಕುಂತಿ ಮನಗರಗಿದಳು; ರಕ್ಕಸಿ ಸೊಸೆಯಾದಳು. ಅವಳ ಮಗ ಘಟೋತ್ಕಚನು ಕುರುಕ್ಷೇತ್ರದ ಹದಿನಾಲ್ಕನೆಯ ದಿನದ ಇರುಳು ಕರ್ಣನ ಶಕ್ತ್ಯಾಯುಧಕ್ಕೆ ಎದೆಯೊಡ್ಡಿದನು. ಅರ್ಜುನನಿಗೆಂದು ಕರ್ಣ ಕಾದಿಟ್ಟಿದ್ದ ಆಯುಧವದು. ಧರ್ಮರಾಯನ ಕೈಯಲ್ಲಿ ಆ ಕೈಪಿಡಿಯಿದ್ದಿದ್ದರೆ ಹಿಡಿಂಬಿ ಅಡವಿಯಲ್ಲೇ ಮಡಿಯುತ್ತಿದ್ದಳು. ಆಗ ಅರ್ಜುನನು ಉಳಿಯುತ್ತಿದ್ದನೆ?

ವರವೆಂಬ ಪಟ್ಟಿ

ಹಾಗೆಂದು ಕೈಪಿಡಿಯನ್ನು ಹಳಿಯಲಾಗದು. ಆಟಕ್ಕೆ ಕಟ್ಟಳೆ ಬೇಕು. ಕಟ್ಟಳೆಗೆ ಪಟ್ಟಿ ಬೇಕು. ಆದರೆ ಪಟ್ಟಿಯನ್ನು ಪೂರ್ತಿ ನಂಬಿದರೆ ಏನಾದೀತೆಂಬುದನ್ನು ತಿಳಿಸುವ ಕಥೆ ಹೊರಕೆರೆದೇವಪುರದ ಗುಡಿಯಲ್ಲೇ ಇದೆ. ಹಿರಣ್ಯಕಶಿಪು ಬೇಡಿದ ವರವಾದರೂ ಏನು? ಅದೂ ಒಂದು ಪಟ್ಟಿಯೇ. ಮನುಷ್ಯನಿಂದಲ್ಲ, ಮೃಗದಿಂದಲ್ಲ; ಹಗಲಲ್ಲ, ಇರುಳಲ್ಲ; ಒಳಗಲ್ಲ, ಹೊರಗಲ್ಲ; ನೆಲದ ಮೇಲಲ್ಲ, ಆಕಾಶದಲ್ಲಲ್ಲ. ಲೋಕದ ವೈರಿಗಳನ್ನೆಲ್ಲ ಅವನು ಕೋಷ್ಟಕದೊಳಗೆ ಹಾಕಿ ಬೀಗ ಜಡಿದನು. ಆದರೂ ಕಂಬವೊಡೆದು ಬಂದದ್ದು ಎರಡು ಸಾಲುಗಳ ನಡುವೆ ಉಳಿದಿದ್ದ ರೂಪ. ಮುಸ್ಸಂಜೆಯಲ್ಲಿ, ಹೊಸ್ತಿಲ ಮೇಲೆ, ತೊಡೆಯ ಮೇಲಿಟ್ಟು, ಉಗುರಿನಿಂದ ಅವನ ಕಥೆ ಮುಗಿಯಿತು.

ಮೇಜಿನ ಸುತ್ತ ಕೂರುವ ನುರಿತ ಸೂತ್ರಧಾರನೂ ಇದನ್ನು ಬಲ್ಲ. ಪುಸ್ತಕದ ಅಂಕಿಗಳನ್ನು ಬಾಯಿಪಾಠ ಮಾಡಿದ ಆಟಗಾರನ ಮುಂದೆ ಅವನು ಪುಸ್ತಕದಲ್ಲಿಲ್ಲದುದನ್ನು ತಂದು ನಿಲ್ಲಿಸುತ್ತಾನೆ. ಇಲ್ಲವೆ ‘ದುಷ್ಟ’ಳೆಂದು ಬರೆದಿರುವ ರಕ್ಕಸಿಯ ಬಾಯಲ್ಲಿ ಒಂದು ಒಳ್ಳೆಯ ಮಾತನ್ನು ಆಡಿಸುತ್ತಾನೆ. ಆಗ ಆಟಗಾರನು ದಾಳವನ್ನು ಕೆಳಗಿಟ್ಟು ಯೋಚಿಸಬೇಕಾಗುತ್ತದೆ. ಅಡವಿಯಲ್ಲಿ ಧರ್ಮರಾಯನು ಮಾಡಿದ್ದೂ ಅದನ್ನೇ.